ಆರಾಮಿಲ್ಲ ಎಂಬುದಕ್ಕೊಂದು ಚೀಟಿ

ನಮ್ಮ ಖಾನಾಪುರದಲ್ಲಿ ಬಸ್ ನಿಲ್ದಾಣದಿಂದ ಮನೆಗೆ ನಡೆದು ಬರುವಷ್ಟರಲ್ಲಿ ನಾಲ್ಕಾರು ಮಂದಿಯಾದರೂ "ಹೆಂಗದೀರಿ, ಆರಾಮ?" ಎಂದು ಕೇಳುತ್ತಾರೆ, ಮರಾಠಿಯವರಾದರೆ "ಬರಂ ಆಹೆ ನಾ?" ಎನ್ನುತ್ತಾರೆ. ಭಾಷೆ ಎರಡಾದರೂ ಉತ್ತರ ಒಂದೇ. ಜ್ವರದಲ್ಲಿ ಕುದಿಯುತ್ತಿರುವವನೂ, ಬೆಳಗ್ಗೆಯೇ ಹೆಂಡತಿಯೊಡನೆ ಮಹಾಯುದ್ಧ ಮುಗಿಸಿ ಬಂದವನೂ, ಆಗಷ್ಟೇ ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಕಚ್ಚಿಕೊಂಡವನೂ "ಆರಾಮ್ರೀ" ಎಂದೇ ಹೇಳಬೇಕು. ಕೇಳಿದವರು ಉತ್ತರಕ್ಕೆಂದು ನಿಂತಿರುವುದಿಲ್ಲ, ಹೇಳುವವನೂ ಪ್ರಮಾಣ ಮಾಡಿ ಹೇಳುತ್ತಿರುವುದಿಲ್ಲ. ಇಂಥ ನಿರುಪದ್ರವಿ ಲೋಕಾಚಾರವೊಂದು ನನ್ನ ಹೊಟ್ಟೆಯ ಮೇಲೆಯೇ ಹೊಡೆದೀತೆಂದು, ಓದುಗ ಮಿತ್ರರೇ, ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ಮಚ್ಛೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಒಂದು ದಿನ ಮೇಲಿನ ಹಲಗೆಯಿಂದ ಎರಕದ ಭಾಗಗಳ ಪೆಟ್ಟಿಗೆಯೊಂದು ನನ್ನ ಬಲಭುಜವನ್ನೇ ಆರಿಸಿಕೊಂಡು ಅವತರಿಸಿತು. ಶಸ್ತ್ರಚಿಕಿತ್ಸೆಯಾಗಿ ಮೂಳೆ ಕೂಡಿತು. ಆದರೆ ಕೈ ಮಾತ್ರ ಎದೆಯ ಮಟ್ಟಕ್ಕಿಂತ ಮೇಲೇಳಲು ಒಪ್ಪಲಿಲ್ಲ, ಬೆರಳುಗಳು ಗುಂಡಿ ಹಿಡಿಯುವ ವಿದ್ಯೆಯನ್ನೇ ಮರೆತವು. ಕಾರ್ಮಿಕರ ವಿಮೆಯಲ್ಲಿ ಅಂಗವೈಕಲ್ಯಕ್ಕೆ ತಿಂಗಳ ನೆರವು ಸಿಗುತ್ತದೆಂದು ಬಲ್ಲವರು ಹೇಳಿದ್ದರಿಂದ ಅರ್ಜಿ ಹಾಕಿದೆ, ಬೆಳಗಾವಿಯ ವೈದ್ಯಮಂಡಳಿಯ ಮುಂದೆ ಬರಬೇಕೆಂದು ಕರೆ ಬಂತು.

ಡಾಕ್ಟರರ ಮುಂದೆ ಚೊಕ್ಕವಾಗಿ ಹೋಗಬೇಕೆಂಬುದು ನನ್ನ ಹೆಂಡತಿ ಪದ್ಮಾವತಿಯ ತವರಿನಿಂದ ಬಂದ ಸಿದ್ಧಾಂತ. ಅಂದು ಅವಳೇ ನನ್ನ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿ, ಗುಂಡಿ ಹಾಕಿ, ಬಸದಿಯ ಗಂಧ ಹಚ್ಚಿ, ಮದುವೆಯ ದಿನ ಕೂಡ ನಾನು ಕಾಣದಿದ್ದ ತೇಜಸ್ಸಿನಿಂದ ಕಂಗೊಳಿಸುವಂತೆ ಮಾಡಿ ಕಳಿಸಿದಳು. ಮಂಡಳಿಯ ಹಿರಿಯ ವೈದ್ಯರು ಬಹಳ ಸಜ್ಜನರು. "ಬರ್ರಿ, ಕುಂದರ್ರಿ. ಹೆಂಗದೀರಿ, ಆರಾಮ?" ಎಂದರು. ಅಷ್ಟು ಅಕ್ಕರೆಯಿಂದ ಕೇಳಿದವರಿಗೆ ಮುಖ ಮುರಿದಂತೆ ಹೇಗೆ ಹೇಳುವುದು? "ಆರಾಮ ಅದೀನ್ರಿ ಸಾಹೇಬ್ರ, ನಿಮ್ಮ ಆಶೀರ್ವಾದ" ಎಂದುಬಿಟ್ಟೆ. ಕೆಲ ವಾರಗಳಲ್ಲಿ ಉತ್ತರ ಬಂತು: ಅರ್ಜಿದಾರರು ಆರಾಮವಾಗಿರುವುದಾಗಿ ತಾವೇ ತಿಳಿಸಿದ್ದಾರೆ, ಮೂಳೆ ಕೂಡಿದೆ, ಅರ್ಜಿ ತಿರಸ್ಕೃತ.

ಮೇಲ್ಮನವಿ ಹಾಕಿದೆ. ಅಲ್ಲಿಂದ ನನ್ನ ಬುದ್ಧಿಗೆ ಹಿಡಿದ ಮಂಜು ಇಂದಿಗೂ ಪೂರ್ತಿ ಕರಗಿಲ್ಲ. ಕಾರ್ಖಾನೆಯವರು, ನೀವು ನೆಟ್ಟಗಿದ್ದೀರೆಂದು ಮಂಡಳಿಯೇ ಹೇಳಿದ ಮೇಲೆ ಡಾಕ್ಟರರಿಂದಲೂ ಹಾಗೆಂದು ಬರೆಸಿಕೊಂಡು ಕೆಲಸಕ್ಕೆ ಬನ್ನಿ ಎಂದರು. ಮೇಲ್ಮನವಿಯ ಕಚೇರಿಯವರು, ವಿಚಾರಣೆ ಮುಗಿಯುವವರೆಗೆ ಆರಾಮಿಲ್ಲವೆಂಬ ಚೀಟಿ ತಪ್ಪದೆ ತರುತ್ತಿರಿ, ತಪ್ಪಿದರೆ ಗುಣವಾಯಿತೆಂದು ತಿಳಿಯುತ್ತೇವೆ ಎಂದರು. ಚೀಟಿ ಬರೆಯುವ ನಮ್ಮ ಖಾನಾಪುರದ ಡಾಕ್ಟರರಂತೂ ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿ ಧ್ಯಾನಸ್ಥರಾದರು.

"ಗುಣ ಆಗ್ತದ ಅಂತ ಬರದ್ರ ನೀವು ಅಂಗವಿಕಲ ಅಲ್ಲ. ಗುಣ ಆಗಂಗಿಲ್ಲ ಅಂತ ಬರದ್ರ ಮತ್ತ ಮತ್ತ ಚೀಟಿ ಯಾಕ ಅಂತಾರ. ಏನ ಬರೀಲಿ ನೀವ ಹೇಳ್ರಿ" ಎಂದು ರೋಗಿಯನ್ನೇ ಸಲಹೆ ಕೇಳಿದರು. ಕೊನೆಗೆ 'ಸದ್ಯಕ್ಕೆ ಕೆಲಸಕ್ಕೆ ಅಶಕ್ತ' ಎಂದು ಬರೆದರು. ಆ 'ಸದ್ಯಕ್ಕೆ' ಎಂಬ ಪದದ ನೆರಳಿನಲ್ಲಿ ನಾನು ಒಂದಿಡೀ ಮಳೆಗಾಲ ಕಳೆದೆ.

ಚೀಟಿಯನ್ನು ಬೆಳಗಾವಿಗೆ ಒಯ್ದು ಕೊಡಬೇಕು. ದಾರಿಯಲ್ಲಿ ಮಚ್ಛೆ ಬರುತ್ತದೆ. ಆರಾಮಿಲ್ಲವೆಂಬ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ನನ್ನದೇ ಕಾರ್ಖಾನೆಯ ಮುಂದೆ ಕಿಟಕಿಯ ಪಕ್ಕ ಕುಳಿತು ಹೋಗುವಾಗ, ಹಳೆಯ ಜೊತೆಗಾರರು ಕಂಡಾರೆಂದು ತಲೆ ತಗ್ಗಿಸುತ್ತಿದ್ದೆ. ಏನೂ ಕದಿಯದೆಯೇ ಕಳ್ಳನಾಗಿದ್ದೆ. ಬರಬರುತ್ತ ನನ್ನ ಕೈಯ ಮೇಲೆ ನನಗೇ ಅನುಮಾನ ಹುಟ್ಟಿತು. ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಎತ್ತಿ ನೋಡುತ್ತಿದ್ದೆ. ಎದ್ದರೆ ಅರ್ಜಿ ಹೋಯಿತು, ಏಳದಿದ್ದರೆ ಕೈ ಹೋಯಿತು, ಯಾವುದಕ್ಕಾಗಿ ದೇವರಲ್ಲಿ ಬೇಡಿಕೊಳ್ಳಬೇಕೆಂಬುದೇ ತಿಳಿಯುತ್ತಿರಲಿಲ್ಲ. ನಿಜ ಹೇಳುತ್ತೇನೆ, ಭುಜದ ನೋವಿಗಿಂತ ಆ ಗೊಂದಲವೇ ನನ್ನನ್ನು ಹೆಚ್ಚು ಅಳಿಸಿತು.

ಇತ್ತ ಮನೆಯಲ್ಲಿ ಪದ್ಮಾವತಿಯ ತರಬೇತಿ ಆರಂಭವಾಗಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಅವಳು ಥಟ್ಟನೆ "ಆರಾಮ?" ಎಂದು ಕೇಳಬೇಕು, ನಾನು "ಇಲ್ರೀ" ಎನ್ನಬೇಕು. ಪ್ರತಿ ಸಲವೂ ನನ್ನ ನಾಲಗೆ ಹಳೆಯ ಜಾಡನ್ನೇ ಹಿಡಿಯುತ್ತಿತ್ತು. "ಹುಟ್ಟು ಗುಣ ಸುಟ್ರೂ ಹೋಗಂಗಿಲ್ಲ" ಎಂದು ಅವಳು ರೊಟ್ಟಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ವಿಚಾರಣೆಗೆ ಗಡ್ಡ ಬಿಟ್ಟುಕೊಂಡೇ, ಮುದ್ದೆಯಾದ ಅಂಗಿಯಲ್ಲೇ ಹೋಗತಕ್ಕದ್ದೆಂದು ನಾವಿಬ್ಬರೂ ಒಮ್ಮತದಿಂದ ನಿರ್ಣಯಿಸಿದ್ದೆವು. ಬೆಳಗಾಗುತ್ತಲೇ ನೋಡಿದರೆ ಅವಳು ಸಾಬೂನಿನ ಬ್ರಷ್ ಹಿಡಿದು ಎದುರಿಗೆ ನಿಂತಿದ್ದಾಳೆ. "ದೊಡ್ಡ ದೊಡ್ಡ ಡಾಕ್ಟ್ರು ಇರ್ತಾರ. ಮಾರಿ ಹಿಂಗ ಇಟ್ಕೊಂಡು ಹೋದ್ರ ಮಂದಿ ನನಗ ಏನಂದಾರು?" ಎಂದಳು. ಮತ್ತೆ ಅದೇ ತೇಜಸ್ಸು, ಅದೇ ಬಿಳಿ ಅಂಗಿ, ಅದೇ ಗಂಧ. ಈ ಸಲ ಕಾಗದಗಳ ಚೀಲ ಹಿಡಿದು ಅವಳೂ ಜೊತೆಗೆ ಬಂದಳು.

ಮೇಲ್ಮನವಿಯ ಕೋಣೆಯಲ್ಲಿ ಕುಳಿತಿದ್ದ ಡಾಕ್ಟರಮ್ಮನವರು ಕಾಗದಗಳಿಂದ ತಲೆಯೆತ್ತದೆಯೇ "ಹೆಂಗದೀರಿ, ಆರಾಮ?" ಎಂದರು. ನಾನು "ಆರಾಮ ಅದೀನ್ರಿ" ಎಂದೆ! ಪಕ್ಕದಲ್ಲಿ ಪದ್ಮಾವತಿ ಹಣೆ ಬಡಿದುಕೊಂಡ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಇನ್ನು ಎಲ್ಲ ಮುಗಿಯಿತೆಂದುಕೊಂಡೆ.

"ಅಂಗಿ ತಗೀರಿ, ಭುಜ ನೋಡ್ತೇನಿ" ಎಂದರು ಡಾಕ್ಟರಮ್ಮ.

ನಾನು ದಿನದ ರೂಢಿಯಂತೆ ಹೆಂಡತಿಯ ಕಡೆ ತಿರುಗಿ ಗದ್ದ ಮೇಲೆತ್ತಿದೆ. ಅವಳೂ ರೂಢಿಯಂತೆ ಚೀಲ ಕೆಳಗಿಟ್ಟು ಕೊರಳಿನ ಗುಂಡಿಯಿಂದ ಶುರುಮಾಡಿ ಒಂದೊಂದನ್ನೇ ಬಿಚ್ಚಿ, ಎಡತೋಳು ಕಳಚಿ, ಬಲಗೈಯನ್ನು ಮಾತ್ರ ಮಲಗಿದ ಕೂಸನ್ನು ಎತ್ತಿಕೊಳ್ಳುವಂತೆ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಅಂಗಿ ಎಳೆದಳು. ನಮಗಿಬ್ಬರಿಗೂ ಅದರಲ್ಲೇನೂ ವಿಶೇಷ ಕಾಣಲಿಲ್ಲ. ತಿರುಗಿ ನೋಡಿದರೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದರು.

"ದಿನಾ ನೀವ ಹಾಕಿ ತಗೀತೀರೇನ್ರಿ?"

"ಹೌದ್ರೀ. ದಾಡೀನೂ ನಾನ ಮಾಡೂದ್ರೀ" ಎಂದ ಪದ್ಮಾವತಿ, ನನ್ನ ಕೆನ್ನೆಯತ್ತ ನೋಡಿ ಹೆಮ್ಮೆ ತಡೆಯಲಾರದೆ "ಚೊಕ್ಕ ಆಗೇತಲ್ರೀ?" ಎಂದು ಸೇರಿಸಿದಳು. ಡಾಕ್ಟರಮ್ಮ ನಗಲಿಲ್ಲ. ಎದ್ದು ಬಂದು ನನ್ನ ಕೈಯನ್ನು ಎಲ್ಲ ದಿಕ್ಕಿಗೂ ಎತ್ತಿ, ತಿರುಗಿಸಿ, ಬಹಳ ಹೊತ್ತು ಪರೀಕ್ಷಿಸಿದರು.

ಮೊನ್ನೆ ಆದೇಶ ಬಂತು. ನನ್ನ ಕೈ ಇನ್ನು ಮೊದಲಿನಂತಾಗದೆಂದು ಒಪ್ಪಿ ನೆರವು ಮಂಜೂರು ಮಾಡಿದ್ದರು. 'ಸದ್ಯಕ್ಕೆ' ಎಂಬ ಪದ ಅದರಲ್ಲೆಲ್ಲೂ ಇರಲಿಲ್ಲ. ಇನ್ನು ಚೀಟಿ ಬೇಡವೆಂದು ನಮ್ಮ ಡಾಕ್ಟರರೂ ನಿಟ್ಟುಸಿರು ಬಿಟ್ಟರು. ಇದು ಸಂತೋಷದ ಸುದ್ದಿಯೋ ದುಃಖದ್ದೋ ನನಗೆ ಬಗೆಹರಿಯದಿರುವಾಗಲೇ ಪದ್ಮಾವತಿ ಬೆಳಗಾವಿಯಿಂದ ಕುಂದಾ ತರಿಸಿ ಓಣಿಗೆಲ್ಲ ಹಂಚಲು ಹೊರಟಳು. ಮಗುವೇ, ಮನೆಯೇ, ಏನು ವಿಶೇಷ ಎಂದು ಕೇಳಿದವರಿಗೆ ನಾನು ಏನೆಂದು ಹೇಳಲಿ? ನನ್ನ ಕೈ ಹೋದದ್ದು ಖಾತ್ರಿಯಾಯಿತು, ಬಾಯಿ ಸಿಹಿ ಮಾಡಿಕೊಳ್ಳಿ ಎನ್ನಲೇ?

ಹಂಚಿ ಬಂದ ಮೇಲೆ ನಮಗೆಂದು ಉಳಿದ ಡಬ್ಬಿಯ ಮುಚ್ಚಳ ತೆಗೆಯಲು ಅವಳು ಒದ್ದಾಡುತ್ತಿದ್ದಳು. ಬಲಗೈಯಿಂದ ಒಮ್ಮೆ ತಿರುಗಿಸಿ, ಹಲ್ಲು ಕಚ್ಚಿ, ಮಣಿಕಟ್ಟನ್ನು ಸೆರಗಿನಲ್ಲಿ ಒತ್ತಿಹಿಡಿದು, ಆಮೇಲೆ ಎಡಗೈಯಿಂದ ತೆಗೆದಳು. ದಿನವೂ ಇಬ್ಬರ ಕೆಲಸ ಮಾಡುವ ಆ ಕೈಯನ್ನು ನಾನು ಅದುವರೆಗೆ ನನ್ನ ಗುಂಡಿಗಳ ಮೇಲಷ್ಟೇ ನೋಡಿದ್ದೆ.

"ನೀ ಆರಾಮ ಅದಿಯೇನು?" ಎಂದು ಕೇಳಿದೆ.

"ಆರಾಮ ಅದೀನ್ರಿ" ಎಂದಳು, ತಿರುಗಿಯೂ ನೋಡದೆ.

ನಾನು ಹೋಗಲಿಲ್ಲ. ಉತ್ತರಕ್ಕೆಂದು ಅಲ್ಲೇ ನಿಂತೆ.