ನಾಲ್ಕನೆಯ ತಾಣ ಮತ್ತು ನನ್ನ ಬಾಟಲಿ

ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮುಂಚಿನ ಮಾತು. ನಾಗರಬಾವಿ ಕಡೆಯ ಸಂಶೋಧನಾ ಕೇಂದ್ರವೊಂದರಲ್ಲಿ ಎಚ್‌ಐವಿ ಪ್ರಯೋಗಾಲಯದ ಮುಖ್ಯಸ್ಥನಾಗಿದ್ದೆ. ಬೈಗುಳಕ್ಕೆ ಹೆಸರಾದವನು. ಮೀಡಿಯಾ, ಅಂದರೆ ಜೀವಕೋಶ ಬೆಳೆಸುವ ದ್ರವ, ಅದರ ಬಾಟಲಿಯ ಮೇಲೆ ತಾರೀಖು, ಹೆಸರು, ಏನೇನು ಬೆರೆಸಿದೆ ಎಂಬುದೆಲ್ಲ ಇರಲೇಬೇಕೆಂಬ ಕಟ್ಟಳೆ ನನ್ನದೇ. ಬರೆಯದವರ ಬಾಟಲಿಯನ್ನು ಅವರೆದುರೇ ಸಿಂಕಿಗೆ ಸುರಿಯುತ್ತಿದ್ದೆ.

ಗೋವಿಂದರಾಜನಗರದ ವೀಣಾ ನನ್ನ ಪಿಎಚ್‌ಡಿ ವಿದ್ಯಾರ್ಥಿನಿ. ಎಚ್‌ಐವಿ ನಮ್ಮ ಕೋಶದ ಡಿಎನ್‌ಎ ಒಳಗೇ ಸೇರಿ ಕೂರುತ್ತದೆ. ಹಾಗೆ ಕೂತ ವೈರಸ್‌ನ ತುದಿಯಲ್ಲಿ ಕೆಲವು ತಾಣಗಳಿವೆ. ನಮ್ಮದೇ ಕೋಶದ ಎನ್‌ಎಫ್-ಕಪ್ಪಾ-ಬಿ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಅಂದರೆ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್, ಬಂದು ಅಲ್ಲಿ ಅಂಟಿಕೊಂಡರೆ ವೈರಸ್‌ನ ಜೀನ್‌ಗಳು ಚಾಲೂ ಆಗುತ್ತವೆ. ಮೂರು ತಾಣಗಳ ವೈರಸ್‌ಗಿಂತ ನಾಲ್ಕು ತಾಣಗಳದ್ದು ಹೆಚ್ಚು ಬೆಳೆಯುತ್ತದೆಂದು ವೀಣಾ ತೋರಿಸಿದ್ದಳು. ಅವಳ ಪ್ರಬಂಧವೆಲ್ಲ ಅದರ ಮೇಲೇ ನಿಂತಿತ್ತು. ಅದೇ ಪ್ರಯೋಗವನ್ನು ಅವಳಿಂದ ಮತ್ತೊಮ್ಮೆ ಮಾಡಿಸಿದೆ. ಎರಡೂ ಒಂದೇ ಸಮ ಬೆಳೆದವು. ಮೂರನೆಯ ಸಲವೂ ಅಷ್ಟೇ.

ಸೋಮವಾರದ ಮೀಟಿಂಗಿನಲ್ಲಿ ಒಂಬತ್ತು ಜನರೆದುರು ಕೇಳಿದೆ: “ಮೊದಲಿನ ಗ್ರಾಫು ಎಲ್ಲಿಂದ ತಂದ್ಯಮ್ಮ? ಮನೇಲಿ ಕೂತು ಬರೆದ್ಯಾ?”

ಅವಳು ನೋಟ್‌ಬುಕ್ ಮುಚ್ಚಿದಳು. ಮರುದಿನ ಬರಲಿಲ್ಲ. ಪಿಎಚ್‌ಡಿ ಬಿಡುತ್ತೇನೆಂಬ ಪತ್ರ ಬಂತು.

ನನ್ನ ಮಾತೇ ಸರಿ ಎಂದು ಸಾಬೀತು ಮಾಡಲು ಅವಳ ನೋಟ್‌ಬುಕ್ ಹಿಡಿದು ಕೂತೆ. ಕೊನೆಯ ಎರಡು ಸಲ ಮೀಡಿಯಾ ತೆಗೆದ ಬಾಟಲಿ ಯಾವುದೆಂದು ತಾರೀಖು ಸಮೇತ ಬರೆದಿದ್ದಳು. ಆ ಬಾಟಲಿ ನನ್ನದು. ಬೇರೊಂದು ಪ್ರಯೋಗಕ್ಕೆಂದು ಅದಕ್ಕೆ ಕೋಶಗಳನ್ನು ಕೆರಳಿಸುವ ರಾಸಾಯನಿಕ ಬೆರೆಸಿ, ತಾರೀಖು ಮಾತ್ರ ಗೀಚಿ, ಉಳಿದದ್ದು ಆಮೇಲೆ ಬರೆದರಾಯಿತೆಂದು ಫ್ರಿಜ್ಜಿನಲ್ಲಿಟ್ಟಿದ್ದೆ. ಏನೂ ಬೆರೆಸದ ಮೀಡಿಯಾ ಎಂದುಕೊಂಡು ಅವಳು ಅದನ್ನೇ ಬಳಸಿದ್ದಳು. ಕೆರಳಿದ ಕೋಶದಲ್ಲಿ ಆ ಪ್ರೋಟೀನ್ ತುಂಬಿ ತುಳುಕುತ್ತದೆ. ಆಗ ಮೂರು ತಾಣಗಳೇ ಸಾಕಾಗಿ, ನಾಲ್ಕನೆಯದರ ಲಾಭ ಕಾಣುವುದಿಲ್ಲ. ಹೊಸ ಮೀಡಿಯಾದಲ್ಲಿ ನಾನೇ ಮಾಡಿ ನೋಡಿದೆ. ವೀಣಾಳ ಗ್ರಾಫೇ ಬಂತು. ಥೂ, ನನ್ನ ಜನ್ಮಕ್ಕಿಷ್ಟು ಅನ್ನಿಸಿತು.

ಆದರೂ ಫೋನ್ ಮಾಡಲು ಮೂರು ದಿನ ಮೀನಮೇಷ ಎಣಿಸಿದೆ. “ನಿಂದೇನೂ ತಪ್ಪಿಲ್ಲ, ಬಂದ್ಬಿಡಮ್ಮ” ಎಂದೆ.

“ಬೈದಿದ್ದು ಎಲ್ಲರ ಮುಂದೆ ಸಾರ್. ಇದನ್ನೂ ಅಲ್ಲೇ ಹೇಳಿ, ಬರ್ತೀನಿ.”

ಸೋಮವಾರ ಬಂದಳು. ನಾನು, “ಮೀಡಿಯಾದಲ್ಲಿ ಏನೋ ಬೆರೆತುಹೋಗಿತ್ತಂತೆ, ವೀಣಾದೇನೂ ತಪ್ಪಿಲ್ಲ. ಸರಿ, ಮುಂದಿನ ವಿಷಯಕ್ಕೆ ಬರೋಣ” ಎಂದೆ.

ವೀಣಾ ಎದ್ದು ನಿಂತಳು. “ಯಾರ ಬಾಟಲಿ ಸಾರ್ ಅದು?”



“ನಂದಮ್ಮ. ಬೆರೆಸಿದ್ದೂ ನಾನೇ, ಬರೀದೆ ಬಿಟ್ಟಿದ್ದೂ ನಾನೇ.”

ಅವಳು ಪಿಎಚ್‌ಡಿ ಮುಗಿಸಿದಳು. ಫಲಿತಾಂಶ ತಿರುಗಿಬಿದ್ದಾಗ ಮೊದಲು ನನ್ನ ಕೈಯನ್ನೇ ಅನುಮಾನಿಸಬೇಕೆಂದು ಆ ಕೆಲಸ ನನಗೆ ಕಲಿಸಿತು. ಆದರೆ ನಾಚಿಕೆ ಅದಕ್ಕಲ್ಲ. ಬೈಯುವಾಗ ಯಾರೂ ಕೇಳದಿದ್ದರೂ ಬಾಯಿಬಿಟ್ಟವನು ನಾನು. ಒಪ್ಪಿಕೊಳ್ಳುವಾಗ ಅವಳೇ ಎದ್ದು ನಿಂತು ಕೇಳಬೇಕಾಯಿತು.