ಆರು ಊರಿನ ರೇಟು

ಮದ್ದೂರಿನಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಎಲ್ಲಾ ತೆಗೆಯುತ್ತೇನೆ. ಆದರೆ ವರ್ಷವಿಡೀ ತಪ್ಪದೆ ಬರುವ ಕೆಲಸ ಅಂದರೆ ತೀರಿಹೋದವರ ಫೋಟೊ. ಹನ್ನೊಂದನೇ ದಿನದ ತಿಥಿಗೆ ಎಡೆ ಇಡಬೇಕಾದರೆ ಎದುರಿಗೆ ಹಾರ ಹಾಕಿದ ಫೋಟೊ ಒಂದು ಬೇಕೇ ಬೇಕು. ನಿಡಘಟ್ಟದವರು, ಸೋಮನಹಳ್ಳಿಯವರು ಯಾರದೋ ಮದುವೆಯ ಗುಂಪು ಫೋಟೊ ತಂದು, "ಈ ಮೂಲೇಲಿ ನಿಂತವ್ನೆ ನೋಡಿ ನಮ್ಮಪ್ಪ, ಇವುನ್ನ ಈಚೆಗ್ ತೆಗ್ದು ದೊಡ್ದು ಮಾಡ್ಕೊಡಿ" ಅನ್ನುತ್ತಾರೆ. ಮಾಡಿಕೊಡುತ್ತೇನೆ, ಬೈದುಕೊಂಡೇ. ಬದುಕಿದ್ದಾಗ ಒಂದು ಒಳ್ಳೆ ಫೋಟೊ ತೆಗೆಸೋಕೆ ನಿಮಗೇನು ದಾಡಿ ಆಗಿತ್ತು ಅಂತ ಎಷ್ಟು ಜನರ ಮುಖಕ್ಕೇ ಅಂದಿದ್ದೇನೋ ಲೆಕ್ಕವಿಲ್ಲ. ಈಚೆಗೆ ನನ್ನ ಅಕ್ಕನ ತಿಥಿಗೆ ಫೋಟೊ ಬೇಕಾಯಿತು. ನನ್ನ ಹತ್ತಿರ ಇರಲಿಲ್ಲ.

ಅಕ್ಕನನ್ನು ಮಳವಳ್ಳಿಗೆ ಕೊಟ್ಟಿದ್ದೆವು. ಬಾವ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರಾದವರು. ಅವರಿಗೆ ಮಕ್ಕಳಿಲ್ಲ, ಅಕ್ಕ ನನ್ನನ್ನೇ ಮಗ ಮಗ ಅನ್ನುತ್ತಿದ್ದಳು. ಅವಳ ಮೇಲಿನ ಸಾಲಿನ ಹಲ್ಲು ಸ್ವಲ್ಪ ಉಬ್ಬು. ಹೆಣ್ಣು ನೋಡಲು ಬಂದ ಮೊದಲ ಮನೆಯವರಲ್ಲಿ ಒಬ್ಬಳು ಅದನ್ನು ಎಲ್ಲರ ಮುಂದೆ ಆಡಿಕೊಂಡಳಂತೆ. ಅವತ್ತಿನಿಂದ ಕ್ಯಾಮೆರಾ ಎತ್ತಿದರೆ ಸಾಕು, ಅಕ್ಕನ ಬಲಗೈ ಸೆರಗು ಹಿಡಿದು ಬಾಯಿಗೆ ಅಡ್ಡ ಬರುತ್ತಿತ್ತು. ಅವಳ ಮದುವೆಯ ಫೋಟೊದಲ್ಲೂ ಹಾಗೆ, ನನ್ನ ಮದುವೆಯ ಫೋಟೊದಲ್ಲೂ ಹಾಗೆ. "ಕೈ ತೆಗಿ ಅಕ್ಕ" ಅಂದರೆ, "ಓಗ್ಲಾ ಅತ್ಲಾಗೆ, ಈ ಮೂತಿ ಇಟ್ಕಂಡು ಏನ್ ಮಾಡೀಯೆ" ಅಂತ ಸೆರಗಿನ ಒಳಗಿಂದಲೇ ನಗುತ್ತಿದ್ದಳು. ಸರಿ, ಇನ್ನೊಂದು ದಿನ ತೆಗೆದರಾಯಿತು ಅಂತ ನಾನೂ ಸುಮ್ಮನಾಗುತ್ತಿದ್ದೆ.

ಹೋದ ವರ್ಷ ಬಾವ ರಿಟೈರಾದ ಮೇಷ್ಟ್ರುಗಳ ಗುಂಪಿನ ಜೊತೆ ಯುರೋಪ್ ಟೂರಿಗೆ ಹೆಸರು ಕೊಟ್ಟರು. ತಿರುಪತಿ ದಾಟಿ ಹೋಗದ ನಮ್ಮಕ್ಕ ಪ್ಯಾರಿಸ್ಸಿಗೆ ಹೊರಟಳು. ವೀಸಾದ ಫೋಟೊ ನಾನೇ ತೆಗೆದೆ. ನಗಬಾರದು, ಬಾಯಿ ಮುಚ್ಚಿರಬೇಕು ಅನ್ನುವುದು ಅವರ ರೂಲ್ಸು. ಅಕ್ಕ ಹಲ್ಲಿನ ಮೇಲೆ ತುಟಿ ಎಳೆದು ಬಿಗಿಹಿಡಿದಳು. ಆ ಫೋಟೊದಲ್ಲಿರುವುದು ನಮ್ಮಕ್ಕ ಅಲ್ಲ, ಅವಳನ್ನೇ ಹೋಲುವ ಸಿಡುಕಿನ ಹೆಂಗಸು ಯಾರೋ.

ನನಗೆ ಬಹಳ ದಿನದಿಂದ ಒಂದು ಲೆನ್ಸಿನ ಆಸೆ ಇತ್ತು. ಮುಖ ತೆಗೆಯುವುದಕ್ಕೆಂದೇ ಮಾಡಿದ ಲೆನ್ಸು ಅದು. ಹಿಂದಿನದೆಲ್ಲ ಮಸುಕಾಗಿ ಮುಖ ಮಾತ್ರ ಎದ್ದು ಕಾಣುತ್ತದೆ. ಅಲ್ಲಿ ಅಗ್ಗ ಸಿಗಬಹುದು, ಸಿಕ್ಕರೆ ತಂದುಕೊಡು ಅಂದೆ. ಡಬ್ಬದ ಚಿತ್ರವನ್ನು ಅವಳ ಫೋನಿಗೆ ಹಾಕಿಕೊಟ್ಟೆ. "ನಿಮ್ಮ ಬಾವುಂಗೆ ಮಂಡಿನೋವು, ಅಂಗ್ಡಿ ಸುತ್ತಕಾಯ್ತದಾ? ನಾನೇ ನೋಡ್ತೀನಿ ಬುಡು" ಅಂದಳು. ಅಂಗಡಿ ಸುತ್ತುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಸೀರೆಗೆ ಮಂಡ್ಯದ ಪೇಟೆಯಲ್ಲಿ ಹತ್ತು ಅಂಗಡಿ ಹತ್ತಿ ಇಳಿದು, ರೇಟು ಕೇಳಿ, ಮೂಗು ಮುರಿದು, ಕೊನೆಗೆ ಮೊದಲನೇ ಅಂಗಡಿಗೇ ವಾಪಸ್ ಬಂದು ಅದೇ ಸೀರೆ ತೆಗೆದುಕೊಳ್ಳುವವಳು.

ಪ್ಯಾರಿಸ್ಸಿಂದ ಮೊದಲ ಫೋಟೊ ಬಂತು. ಒಂದು ಕ್ಯಾಮೆರಾ ಅಂಗಡಿಯ ಗಾಜು, ಒಳಗೆ ಆ ಲೆನ್ಸು, ಪಕ್ಕದಲ್ಲಿ ರೇಟಿನ ಚೀಟಿ. ಆದರೆ ಗಾಜಿನ ಮೇಲೆ ಅಕ್ಕನದೇ ಬಿಂಬ ಮೂಡಿ ಕೊನೆಯ ಎರಡು ಅಂಕಿ ಸರಿಯಾಗಿ ಕಾಣುತ್ತಿರಲಿಲ್ಲ. ಮದುವೆಯೊಂದರ ಆಲ್ಬಮ್ ಕೆಲಸದಲ್ಲಿದ್ದೆ, ತಲೆ ಕೆಟ್ಟಿತ್ತು. ಫೋನ್ ಮಾಡಿ ರೇಗಿದೆ: "ಅಕ್ಕ, ರೇಟು ಕಾಣಬೇಕೋ ನೀನು ಕಾಣಬೇಕೋ? ನಿನ್ನ ಮುಖ ಯಾರಿಗೆ ಬೇಕು? ಪಕ್ಕಕ್ಕೆ ನಿಂತ್ಕಂಡು ತೆಗಿ."

"ಊಂ ಕಣಪ್ಪ, ಗೊತ್ತಾಗ್ನಿಲ್ಲ" ಅಂದಳು.

ಅಲ್ಲಿಂದ ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್. ದಿನಕ್ಕೊಂದು ದೇಶ, ದೇಶಕ್ಕೊಂದು ರೇಟು. ಅಕ್ಕ ನಿಜವಾಗಿಯೂ ಬೆರಗಾದಳು.

"ಅಲ್ಲಾ ಕಣ್ಲಾ, ಅದೇ ಡಬ್ಬ, ಅದೇ ಗಾಜು, ಅದೇ ಯೂರೋ ದುಡ್ಡು, ಬಸ್ನಲ್ಲಿ ಮೂರ್ ಗಂಟೆ ದಾರಿ. ಅದ್ಯಾಕಪ್ಪ ಒಂದೊಂದ್ ಕಡೆ ಒಂದೊಂದು?"

ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಓದಿಕೊಂಡಿದ್ದೆ. ದುಡ್ಡು ಒಂದೇ ಆದರೂ ತೆರಿಗೆ ಒಂದೇ ಅಲ್ಲ, ಒಂದೊಂದು ದೇಶ ಒಂದೊಂದು ಹಾಕುತ್ತದೆ, ಅಲ್ಲಿ ಚೀಟಿಯ ಮೇಲಿನ ರೇಟಿನಲ್ಲಿ ಅದೂ ಸೇರಿರುತ್ತದೆ. ಕಂಪನಿ ದೇಶಕ್ಕೊಬ್ಬ ಏಜೆಂಟನನ್ನು ಇಟ್ಟಿರುತ್ತದೆ, ವ್ಯಾಪಾರ ಜೋರಾಗಿರುವ ಕಡೆ ಅವನು ಇಳಿಸುತ್ತಾನೆ, ಇಲ್ಲದ ಕಡೆ ಏರಿಸುತ್ತಾನೆ. ಒಂದು ದೇಶದಲ್ಲಿ ಆಫರ್ ಇದ್ದರೆ ಪಕ್ಕದ ದೇಶದಲ್ಲಿ ಇರುವುದಿಲ್ಲ. ದೊಡ್ಡ ಮೇಷ್ಟ್ರಂತೆ ಇಷ್ಟನ್ನೂ ವಿವರಿಸಿದೆ.

"ಇಷ್ಟೇಯಾ?" ಅಂದಳು. "ನಮ್ಮ ಎಳ್ನೀರು ಇಲ್ವಾ? ತೋಟದಲ್ಲಿ ಒಂದ್ ರೇಟು, ಮದ್ದೂರು ಮಾರ್ಕೆಟ್ನಲ್ಲಿ ಒಂದು, ಐವೇಲಿ ಕಾರ್ ನಿಲ್ಸಿ ಕುಡ್ಯೋರ್ಗೆ ಇನ್ನೊಂದು. ಅದುನ್ನೇ ಒಂದ್ ಗಂಟೆ ಏಳ್ದೆಯಲ್ಲೋ."

ಜರ್ಮನಿಯ ಕಲೋನ್‌ನಲ್ಲಿ ರೇಟು ಎಲ್ಲಕ್ಕಿಂತ ಕಡಿಮೆ ಇತ್ತು. ಅಂಗಡಿಯಲ್ಲೇ ನಿಂತು ಫೋನ್ ಮಾಡಿದಳು. "ತಕಬುಡ್ಲಾ?" ನನ್ನ ಆಸೆಗಿಷ್ಟು ಮಣ್ಣು ಹಾಕ. ಮುಂದೆ ಸ್ವಿಟ್ಜರ್ಲೆಂಡ್ ಇದೆ, ಅಲ್ಲಿ ತೆರಿಗೆ ಇನ್ನೂ ಕಮ್ಮಿಯಂತೆ, ಒಂದು ದಿನ ತಡಿ ಅಂದೆ. ಲೂಸರ್ನ್ ಊರಿಗೆ ಅವರು ಹೋಗಿದ್ದು ಭಾನುವಾರ. ಅಲ್ಲಿ ಭಾನುವಾರ ಅಂಗಡಿ ತೆಗೆಯುವುದಿಲ್ಲವಂತೆ. ಬೀಗ ಹಾಕಿದ ಅಂಗಡಿಯ ಗಾಜಿನ ಫೋಟೊ ಬಂತು, ಒಳಗೆ ಲೆನ್ಸೂ ರೇಟಿನ ಚೀಟಿಯೂ ಕಾಣುತ್ತಿದ್ದವು. ಕೊನೆಯ ಊರು ರೋಮ್. ಅಲ್ಲಿ ಎಲ್ಲಕ್ಕಿಂತ ದುಬಾರಿ. ಬೇಡ, ಬರಿಗೈಲಿ ಬಾ ಅಂತ ಸಿಟ್ಟಿನಲ್ಲಿ ಫೋನಿಟ್ಟೆ.

ಅಕ್ಕ ಬರಿಗೈಲಿ ಬರಲಿಲ್ಲ. ರೋಮಿನಲ್ಲೇ ಲೆನ್ಸ್ ಕೊಂಡು, ಸೀರೆಗಳ ಮಧ್ಯೆ ಸುತ್ತಿ ತಂದಿದ್ದಳು. ಹೊರದೇಶದವರು ಅಲ್ಲಿ ಕೊಂಡ ಸಾಮಾನಿನ ತೆರಿಗೆಯನ್ನು ವಾಪಸ್ ಪಡೆಯಬಹುದು, ಅದಕ್ಕೊಂದು ಫಾರಂ ಉಂಟು, ಏರ್‌ಪೋರ್ಟಿನಲ್ಲಿ ಸೀಲು ಹಾಕಿಸಬೇಕು. ಅಂಗಡಿಯವನು ಫಾರಂ ಕೊಟ್ಟಿದ್ದ. ಸೀಲು ಇರಲಿಲ್ಲ. ಸಾಲು ಉದ್ದ ಇತ್ತು, ವಿಮಾನ ತಪ್ಪಿಹೋಗುತ್ತದೆ ಅಂತ ಬಾವ ಹೆದರಿದರಂತೆ. ನಾನು ಲೆನ್ಸ್ ನೋಡುವ ಮೊದಲು ಆ ಫಾರಂ ನೋಡಿದೆ.

"ಆರು ಊರು ಸುತ್ತಿ ಎಲ್ಲಕ್ಕಿಂತ ಜಾಸ್ತಿ ಕೊಟ್ಟು ತಂದಿದ್ದೀಯಲ್ಲಕ್ಕ, ನಿನಗೇನಾದ್ರೂ ಬುದ್ಧಿ ಐತಾ?"

ಅವಳ ಮುಖ ಸಣ್ಣದಾಯಿತು. "ಸುತ್ತಾಡ್ಕಂಡು ಮೊದ್ಲನೇ ಅಂಗ್ಡಿಗೆ ಬರಾನ ಅಂತ್ಲೇ ಇದ್ದೆ ಕಣ್ಲಾ. ಆ ಬಸ್ಸು ವಾಪಸ್ ಓಗಲ್ವಲ್ಲ, ಮುಂದ್ ಮುಂದ್ಕೇ ಓಯ್ತದೆ" ಅಂದಳು. ಆಮೇಲೆ ಮೆಲ್ಲಗೆ, "ನೀನು ಆಸೆಪಟ್ಟು ಕೇಳಿದ್ದೆ, ಅದ್ಕೇ ತಂದೆ" ಅಂದಳು. ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನಮ್ಮ ಕಡೆ ಅಕ್ಕಂದಿರಿಗೆ ಯಾರು ಹೇಳುತ್ತಾರೆ.

ಲೆನ್ಸು ಚಿನ್ನದಂಥದು. ಆಮೇಲಿನ ಐದು ತಿಂಗಳು ಅದರಲ್ಲಿ ಎಷ್ಟು ಮದುಮಕ್ಕಳ ಮುಖ ತೆಗೆದೆನೋ. ಯಲಿಯೂರಿನ ಒಂದು ಮದುವೆಯಲ್ಲಿ ಅಕ್ಕನೂ ಇದ್ದಳು. ಅವಳ ಕಡೆ ತಿರುಗಿಸಿದೆ. ಸೆರಗು ಬಾಯಿಗೆ ಬಂತು. ಧಾರೆಗೆ ಹೊತ್ತಾಗಿತ್ತು, ಬೇರೆ ಕಡೆ ತಿರುಗಿದೆ.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳಂತೆ. ಮಳವಳ್ಳಿಯಿಂದ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಹೋಗಿಬಿಟ್ಟಳು. ನಾನು ಹೋಗಿ ಸೇರುವಷ್ಟರಲ್ಲಿ ಬಾವ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಚಪ್ಪಲಿ ಹಿಡಿದುಕೊಂಡು ಕೂತಿದ್ದರು.

ಮಣ್ಣು ಮಾಡಿ ಬಂದ ಮೂರನೇ ದಿನ ಬಾವ, "ಫೋಟೊ ನೀನೇ ಮಾಡಪ್ಪ. ಒಸಿ ಚೆನ್ನಾಗಿರಾದು ಮಾಡು" ಅಂದರು. ಸ್ಟುಡಿಯೊಗೆ ಬಂದು ಕೂತು ಹುಡುಕಿದೆ. ನನ್ನ ಹತ್ತಿರ ಇದ್ದ ಎಲ್ಲ ಮದುವೆ, ಎಲ್ಲ ಹಬ್ಬ ತೆಗೆದು ನೋಡಿದೆ. ಕೈ, ಸೆರಗು, ಕೈ, ಸೆರಗು. ಬಾವ ಟೂರಿನಲ್ಲಿ ತೆಗೆದವನ್ನೂ ತರಿಸಿಕೊಂಡೆ. ಐಫೆಲ್ ಟವರ್ ಮುಂದೆಯೂ ಸೆರಗು, ಹಿಮದ ಬೆಟ್ಟದ ಮೇಲೆಯೂ ಶಾಲು ಬಾಯಿಗೆ ಅಡ್ಡ. ಉಳಿದದ್ದು ವೀಸಾದ ಆ ಸಿಡುಕಿನ ಹೆಂಗಸು. ಅದನ್ನು ಇಟ್ಟು ಎಡೆ ಇಡಲು ನನಗೆ ಮನಸ್ಸು ಬರಲಿಲ್ಲ. ಜನರಿಗೆ ಬೈದ ಮಾತೆಲ್ಲ ನೆನಪಾಗಿ, ಬಾಗಿಲು ಎಳೆದುಕೊಂಡು ಅತ್ತೆ.

ಆಮೇಲೆ ಅವಳ ಜೊತೆಗಿನ ಮೆಸೇಜುಗಳನ್ನು ಸುಮ್ಮನೆ ಹಿಂದಕ್ಕೆ ಎಳೆಯುತ್ತಾ ಹೋದೆ. ಪ್ಯಾರಿಸ್ಸಿನ ಆ ಗಾಜು ಸಿಕ್ಕಿತು.

ಗಾಜಿನಲ್ಲಿ ಅಕ್ಕ ನಿಂತಿದ್ದಾಳೆ. ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡಿದ್ದಾಳೆ, ಹಾಗಾಗಿ ಬಾಯಿಗೆ ಅಡ್ಡ ಇಡಲು ಕೈ ಇಲ್ಲ. ಫೋನನ್ನು ಎದೆಯ ಹತ್ತಿರ ಹಿಡಿದು, ಕತ್ತು ಒಂದಿಷ್ಟು ವಾಲಿಸಿ, ತಮ್ಮನಿಗೆ ರೇಟು ಸರಿಯಾಗಿ ಕಾಣಲಿ ಅಂತ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಾಳೆ. ಬಾಯಿ ಅರ್ಧ ತೆರೆದಿದೆ. ಹಲ್ಲು ಕಾಣುತ್ತಿದೆ. ನಮ್ಮಕ್ಕ ಇದ್ದದ್ದು ಹಾಗೇ.

ಎರಡು ದಿನ ಕೂತು ಅವಳನ್ನು ಗಾಜಿನಿಂದ ಈಚೆಗೆ ತೆಗೆದೆ. ಕೆನ್ನೆಯ ಮೇಲೆ ಬಿದ್ದಿದ್ದ ರೇಟಿನ ಅಂಕಿಗಳನ್ನು ಒಂದೊಂದಾಗಿ ಅಳಿಸಿದೆ. ಪ್ರಿಂಟು ಸ್ವಲ್ಪ ಮಸುಕಾಗಿಯೇ ಬಂತು. ತಿಥಿಯ ದಿನ ಬಾವ ಹಾರ ಹಾಕಲು ಹೋದವರು ಕೈ ತಡೆದು ನಿಂತರು.

"ಇದ್ಯಾವಾಗ್ಲಾ ತೆಗ್ದೆ? ಬಾಯಿಗೆ ಕೈ ಇಟ್ಟೇ ಇಲ್ವಲ್ಲ."

"ನಾನಲ್ಲ ಬಾವ, ಅವಳೇ ತೆಗೆದಿದ್ದು" ಅಂದೆ. ಅವರು ಫೋಟೊದ ಬಾಯಿಯ ಹತ್ತಿರ ಬೆರಳು ಇಟ್ಟು ನೋಡಿ, ಆಮೇಲೆ ಹಾರ ಹಾಕಿದರು.

ಇನ್ನೂ ಒಂದು ಒಳ್ಳೆಯದು ಸಿಗಬಹುದೇನೋ ಅನ್ನುವ ಆಸೆಗೆ ಉಳಿದ ಐದು ಊರಿನ ಫೋಟೊಗಳನ್ನೂ ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಲೂಸರ್ನ್. ರೋಮಿನದರ ಅಂಚಿನಲ್ಲಿ ಅವಳ ಸ್ವೆಟರಿನ ತೋಳು ಒಂದು ಬೆರಳಿನಷ್ಟು ಕಾಣುತ್ತದೆ. ಮಿಕ್ಕವುಗಳಲ್ಲಿ ಅದೂ ಇಲ್ಲ. ರೇಟು ಮಾತ್ರ ಒಂದೊಂದು ಅಂಕಿಯೂ ಸ್ಪಷ್ಟವಾಗಿದೆ. ನಾನು ಹೇಳಿದ ಹಾಗೆ ಪಕ್ಕಕ್ಕೆ ನಿಂತುಕೊಂಡೇ ತೆಗೆದಿದ್ದಾಳೆ.