ಏಜೆಂಟರ ಎಡಗಾಲು

ಅಕ್ಕನ ಕಾರ್ಖಾನೆ ಎಂದರೆ ಬೀದಿಗೆ ಬಾಗಿಲಿರುವ ಒಂದೇ ಒಂದು ಕೋಣೆ. ಒಳಗೆ ಹೋದರೆ ಮೊದಲು ಮೂಗಿಗೆ ಅಂಟಿನ ವಾಸನೆ ಬಡಿಯುತ್ತದೆ, ಆಮೇಲೆ ಗೋಡೆಯ ತುಂಬ ತೂಗುವ ಮರದ ಪಾದಗಳು ಕಾಣುತ್ತವೆ. ಚಪ್ಪಲಿ ಹೊಲಿಸಲು ಯಾರೇ ಬರಲಿ, ಅವರ ಪಾದದ ಅಚ್ಚನ್ನು ಮರದಲ್ಲಿ ಕೆತ್ತಿ ಅಲ್ಲಿ ನೇತುಹಾಕುತ್ತಾಳೆ. ಅಂಚೆಯವನದು, ಡ್ರಿಲ್ ಮೇಷ್ಟರದು, ಎದುರುಮನೆ ದರ್ಜಿಯದು. ಕಸುಬು ಕಲಿಸಿದ್ದು ಮಾವ. ಕಾಲು ನೋಡದೆ ಅಟ್ಟೆ ಕತ್ತರಿಸಬಾರದು ಎಂಬ ಅವರ ಕಟ್ಟಪ್ಪಣೆಯನ್ನು ಅವರು ಹೋದ ಮೇಲೂ ಅವಳು ಮೀರಿಲ್ಲ.

ಬೀದಿಯ ತುದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂದಮೇಲೆ ಗೋಡೆಗೆ ಹೊಸ ಅಚ್ಚುಗಳು ಏರುವುದು ಕಡಿಮೆಯಾಯಿತು. ಜಗತ್ತಿನ ಯಾವ ಪಟ್ಟಣಕ್ಕೆ ಹೋದರೂ ಸಿಗುವ ಚಪ್ಪಲಿ ಅಲ್ಲಿಯೂ ಸಿಗುತ್ತಿತ್ತು. ಜೊತೆಯಲ್ಲಿ ಹೊಲಿಯುವ ಮೈದುನ, ಕೋಣೆಯನ್ನು ಫೋನಿನಂಗಡಿಯವನಿಗೆ ಬಾಡಿಗೆಗೆ ಕೊಡೋಣ ಎಂದು ದಿನಾ ಕಿವಿ ಕಚ್ಚತೊಡಗಿದ.

ಅಂಥ ಹೊತ್ತಿನಲ್ಲಿ ಏಜೆಂಟರು ಬಂದರು. ಕಡಲಾಚೆಯ ಕಂಪನಿಯೊಂದಕ್ಕೆ ಕೈಹೊಲಿಗೆಯ ಚಪ್ಪಲಿ ಬೇಕಂತೆ. ಒಂದು ಜೊತೆ ಮಾದರಿ ಕಳಿಸಬೇಕು, ಒಪ್ಪಿಗೆಯಾದರೆ ವರ್ಷವಿಡೀ ಕೆಲಸ.

"ಯಾರ ಕಾಲಿಗೆ?" ಅಕ್ಕ ಕೇಳಿದಳು.

"ಯಾರ ಕಾಲಿಗಾದ್ರೂ ಆಗ್ಲಿ ಅಕ್ಕಾ, ಬರೀ ಮಾದರಿ ತಾನೆ?"

"ಹಾಗಾದ್ರೆ ನಿಮ್ದೇ ಕೊಡಿ ಸಾರ್."

ಏಜೆಂಟರು ನಾಚುತ್ತಲೇ ಕಾಲುಚೀಲ ಕಳಚಿದರು. ಎಡಗಾಲಿನ ಕಿರುಬೆರಳ ಬುಡದಲ್ಲಿ ಹುಣಸೆಬೀಜದಂಥ ಒಂದು ಗಂಟು ಇತ್ತು. ಅಕ್ಕ ಆ ಜಾಗದಲ್ಲಿ ಅಟ್ಟೆಯನ್ನು ಅಗಲ ಬಿಟ್ಟಳು, ಪಟ್ಟಿಯನ್ನು ಸಡಿಲಿಸಿದಳು. ಅವಳಿಗೆ ಅದು ದಿನನಿತ್ಯದ ಕೆಲಸ, ಬಾಯಿಬಿಟ್ಟು ಹೇಳುವಂಥದ್ದೇನೂ ಅಲ್ಲ. ಜೊತೆ ಕಡಲು ದಾಟಿತು.

ಒಪ್ಪಿಗೆ ಬಂತು. ಅದರ ಬೆನ್ನಿಗೇ ಕಂಪ್ಯೂಟರಿನಲ್ಲಿ ಬರೆದ ನಕ್ಷೆಗಳೂ ಬಂದವು. ಹೆಂಗಸರದು, ಗಂಡಸರದು, ಎಲ್ಲ ಅಳತೆಗಳೂ ಇದ್ದವು. ಅಕ್ಕ ಹಾಳೆಗಳನ್ನು ನೆಲದ ಮೇಲೆ ಹರಡಿ ನೋಡಿದಳು. ಒಂದೊಂದು ಎಡಗಾಲಿಗೂ ಕಿರುಬೆರಳ ಪಕ್ಕ ಉಬ್ಬು! ಮಾದರಿಗಿಂತ ಕೂದಲೆಳೆಯಷ್ಟೂ ಬೇರೆಯಾಗಬಾರದು ಎಂಬ ಸೂಚನೆ ಬೇರೆ. ಅವಳು ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಂತಿತು.

"ಸಾರ್, ಇವ್ರು ನಿಮ್ಮ ಗಂಟನ್ನ ಲೋಕಕ್ಕೆಲ್ಲಾ ಹಂಚೋಕೆ ಹೊರಟಿದ್ದಾರೆ."

"ಅವ್ರಿಗೆ ಅದೇ ಇಷ್ಟ ಆಗಿದೆ ಕಣಕ್ಕಾ, ಹೊಸ ವಿನ್ಯಾಸ ಅಂತ ಜಾಹೀರಾತಿಗೂ ಕೊಟ್ಟಾಗಿದೆ. ಸುಮ್ನೆ ಹೊಲೀರಿ. ನನ್ನ ಕಾಲಿನ ಸುದ್ದಿ ದೇಶದೇಶಕ್ಕೆ ಡಂಗುರ ಹೊಡೀಬೇಡಿ."

ಮೈದುನನೂ ಅದನ್ನೇ ಹೇಳಿದ. ಅಕ್ಕ ವಾದಕ್ಕೆ ನಿಲ್ಲಲಿಲ್ಲ. ನಕ್ಷೆಯಲ್ಲಿದ್ದಂತೆ ಅವನ ಅಳತೆಗೆ ಒಂದು ಜೊತೆ ಹೊಲಿದು, ಹಾಕಿಕೊಂಡು ಮಾರುಕಟ್ಟೆಗೆ ಹೋಗಿ ಬಾ ಎಂದಳು. ಅವನು ಕುಂಟುತ್ತ ಬಂದ.

"ಅತ್ತಿಗೆ, ಎಡಗಾಲು ಇದರೊಳಗೆ ಈಜಾಡ್ತಿದೆ. ನೋಡಿ, ಬೊಬ್ಬೆ!"

"ಇನ್ನು ಅಲ್ಲಿ ಊರು ತುಂಬ ಜನ ಕುಂಟಿದ್ರೆ ಯಾರನ್ನ ಬೈತಾರೆ? ಕಂಪನೀನಾ? ಹೊಲಿದೋರನ್ನೇ. ಮಾತಾಡಬೇಕು ಅಂತ ಏಜೆಂಟರಿಗೆ ಹೇಳು."

"ಕೆಲಸ ಕೈತಪ್ಪಿದ್ರೆ ಈ ತಿಂಗಳೇ ಕೋಣೆ ಬಿಟ್ಟುಕೊಡಬೇಕು ಅತ್ತಿಗೆ. ಫೋನಿನಂಗಡಿಯವನಿಗೆ ನಾನು ಮಾತು ಕೊಟ್ಟಾಗಿದೆ."

"ಕೊಡೋಣ. ಮೊದಲು ಹೇಳೋದು ಹೇಳಿಬಿಡ್ತೀನಿ."

ಏಜೆಂಟರು ಮುಖ ಹುಳ್ಳಗೆ ಮಾಡಿಕೊಂಡು ಫೋನು ಹಿಡಿದರು. ಪರದೆಯ ಮೇಲೆ ಕಂಪನಿಯ ಒಡತಿ, ಗಿಡ್ಡ ಕೂದಲಿನ ಒಬ್ಬ ಹೆಂಗಸು, ತನ್ನ ಅಂಗಡಿಯಲ್ಲಿ ನಿಂತಿದ್ದಳು. ಅಕ್ಕ ನಡೆದದ್ದನ್ನೆಲ್ಲ ವಿವರವಾಗಿ ಹೇಳಿದಳು. ಏಜೆಂಟರು ಅದನ್ನು ಎರಡೇ ಮಾತಿನಲ್ಲಿ ಆ ಕಡೆಗೆ ದಾಟಿಸಿದರು. ಆ ಹೆಂಗಸು ನಕ್ಕು ತಲೆಯಾಡಿಸಿದಳು.

"ಅಷ್ಟು ಹೇಳಿದ್ದಕ್ಕೆ ಇಷ್ಟೇನಾ? ಗಂಟನ್ನ ನುಂಗಿಬಿಟ್ರಾ ಸಾರ್?"

ಅಕ್ಕ ಎದ್ದು ಗೋಡೆಯಿಂದ ಏಜೆಂಟರ ಅಚ್ಚನ್ನು ಇಳಿಸಿದಳು. ಫೋನಿನ ಮುಂದೆ ಹಿಡಿದು ಉಬ್ಬಿನ ಮೇಲೆ ಬೆರಳಿಟ್ಟಳು. ನಕ್ಷೆಯ ಉಬ್ಬನ್ನೂ ತೋರಿಸಿದಳು. ಆಮೇಲೆ ಏಜೆಂಟರ ಕಡೆ ತಿರುಗಿದಳು.

"ಬೂಟು ಬಿಚ್ಚಿ."

"ಅಕ್ಕಾ, ಮರ್ಯಾದೆ ಪ್ರಶ್ನೆ..."

"ನಂದೂ ಅದೇ ಸಾರ್. ಬಿಚ್ಚಿ."

ಅವರು ಬಿಚ್ಚಿದರು. ಪರದೆಯಾಚೆಯ ಹೆಂಗಸು ಕಣ್ಣು ಕಿರಿದು ಮಾಡಿ ನೋಡಿದಳು. ನಗಲಿಲ್ಲ. ಏನೋ ಹೇಳಿ ಫೋನು ಇಟ್ಟಳು.

"ಆರ್ಡರ್ ತಡೆಹಿಡಿದಿದ್ದಾರೆ," ಎಂದರು ಏಜೆಂಟರು, ಕಾಲುಚೀಲ ಏರಿಸುತ್ತ. "ಹೊಟ್ಟೆ ತಣ್ಣಗಾಯ್ತಾ?"

ಅಕ್ಕ ಡ್ರಿಲ್ ಮೇಷ್ಟರ ಹಳೆಯ ಜೋಡಿಗೆ ಹೆಬ್ಬೆರಳು ತೂರಿಸುವ ಹೊಸ ಉಂಗುಷ್ಟ ಹಾಕುತ್ತ ಕೂತಳು. ಮನಸ್ಸು ಅಳುಕಲಿಲ್ಲ ಎಂದರೆ ಸುಳ್ಳಾದೀತು. ಗೋಡೆಯ ಅಚ್ಚುಗಳನ್ನೆಲ್ಲ ಎಲ್ಲಿಡುವುದು ಎಂಬ ಯೋಚನೆಯೂ ಬಂದುಹೋಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಯೋಚನೆ ಮಾತ್ರ ಬರಲಿಲ್ಲ.

ವಾರ ಕಳೆದು ಏಜೆಂಟರು ಒಂದು ಲಕೋಟೆ ತಂದರು. ದೊಡ್ಡ ಆರ್ಡರ್ ರದ್ದಾಗಿತ್ತು. ಅದರ ಬದಲು, ಆ ಹೆಂಗಸಿನ ಅಂಗಡಿಗೆ ಬಂದು ಹಾಳೆಯ ಮೇಲೆ ನಿಂತು ಪಾದದ ಗೆರೆ ಎಳೆಸಿಕೊಳ್ಳುವವರಿಗೆ ಮಾತ್ರ ಚಪ್ಪಲಿ. ಮೊದಲ ಕಂತಿನಲ್ಲಿ ಬಂದದ್ದು ಬೆರಳೆಣಿಕೆಯ ಹಾಳೆಗಳು.

"ಮೂಟೆಗಟ್ಟಲೆ ಬರೋದಿತ್ತು, ಮುಷ್ಟಿಯಷ್ಟು ಬಂತು," ಎಂದ ಮೈದುನ.

"ಸಾಕು. ಫೋನಿನಂಗಡಿಯವನಿಗೆ ಬೇರೆ ಕೋಣೆ ನೋಡ್ಕೊ ಅನ್ನು."

ಮೇಲಿನ ಹಾಳೆ ಆ ಗಿಡ್ಡಕೂದಲಿನವಳದೇ. ಅಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಎರಡೂ ಪಾದಗಳ ಗೆರೆ ಹಿಮ್ಮಡಿಯಲ್ಲಿ ಅಗಲವಾಗಿ ಹರಡಿತ್ತು.

"ಪಾಪ, ಇವ್ಳೂ ದಿನವಿಡೀ ನಿಂತೇ ಇರ್ತಾಳೆ," ಎಂದಳು. "ಹಿಮ್ಮಡಿಗೆ ಇನ್ನೊಂದು ಪದರ ಕೊಡಬೇಕು. ಆ ಉಳಿ ಇತ್ಲಾಗೆ ಕೊಡು."

ಸಂಜೆಯೊಳಗೆ ಹೊಸ ಅಚ್ಚಿನ ಜೋಡಿ ಗೋಡೆಗೆ ಏರಿತು, ಅಂಚೆಯವನ ಪಕ್ಕದ ಮೊಳೆಗೆ.